ನಲವತ್ತು ಪ್ರಶ್ನೆಗಳಿಗೆ ನಾನು ಬರೆದ ನಲವತ್ತು ಸುಳ್ಳು

ಬೆಳೆದು ನಿಂತವರಿಗೆ ಬದುಕುವ ಬಗೆ ಕಲಿಸುವ ತರಬೇತುದಾರರಾದ ಮೇಘನ ಅವರ ಸನ್ನಿಧಾನಕ್ಕೆ, ಕೊಪ್ಪದಿಂದ ಶಂಕರಮ್ಮ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೈಸೂರಿನಲ್ಲಿ ತಾವೂ ತಮ್ಮ ಇಂಟರ್ನೆಟ್ಟೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮ, ಇಂಟರ್ನೆಟ್ಟು ಆಗಾಗ. ನಾನು ಎಪ್ಪತ್ತೊಂದು ವರ್ಷದವಳು, ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು ಮತ್ತು ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ನಡೆಸುವ ಶಾಂಭವಿಯ ತಾಯಿ. ಮೊದಲಿನ ಎರಡರ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಮಗಳಿಗೆ ಈಗ ನಲವತ್ತೆರಡು. ಹೋದ ವರ್ಷ ಶಿವಮೊಗ್ಗದ ವೈದ್ಯರೊಬ್ಬರು ಅವಳನ್ನು ಮೂರು ಸಲ ಕೂರಿಸಿ ಮಾತಾಡಿಸಿ, ಎಡಿಎಚ್‌ಡಿ ಮತ್ತು ಆಟಿಸಂ ಎಂದು ಎರಡು ಹೆಸರು ಬರೆದುಕೊಟ್ಟರು. ಇದೇ ಸಂಗತಿಗೆ ನಾನು ಮರೆಗುಳಿ, ಒರಟಿ, ಗಾಳಿಬುದ್ಧಿ, ಯಾರೊಂದಿಗೂ ಸೇರದವಳು ಎಂದು ನಾಲ್ಕು ಹೆಸರು ಇಟ್ಟುಕೊಂಡಿದ್ದೆ; ಅವರು ಎರಡರಲ್ಲೇ ಮುಗಿಸಿದ್ದು ಅವರ ದೊಡ್ಡತನ. ಔಷಧಿ ಒಂದೇ ಸಾಲದು, ದಿನವನ್ನು ಸಾಗಿಸುವುದು ಹೇಗೆಂದು ಹೇಳಿಕೊಡುವವರೂ ಬೇಕೆಂದು ಅವರೇ ಮೈಸೂರಿನ ತಮ್ಮ ಕಡೆಗೆ ಕೈ ತೋರಿಸಿದರು.

ತಮ್ಮ ಮೊದಲ ತಿಂಗಳ ಪಾಠದಿಂದ ನನ್ನ ಮನೆಗೆ ಬಂದೊದಗಿದ ಕಷ್ಟಗಳನ್ನು ವಿನಯದಿಂದ ನಿವೇದಿಸುತ್ತೇನೆ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಅವಳ ಫೋನಿನಲ್ಲಿ ಗಂಟೆ ಹೊಡೆಯುತ್ತದೆ. ನಮ್ಮ ಮನೆಯಲ್ಲಿ ದೇವರಿಗೂ ದಿನಕ್ಕೆ ಎರಡೇ ಸಲ ಗಂಟೆ. ಒಂದು ಬ್ಲೌಸ್ ಮುಗಿಯದೆ ಇನ್ನೊಂದರ ಬಟ್ಟೆಗೆ ಕತ್ತರಿ ಹಾಕಬಾರದೆಂದು ತಾವು ಹೇಳಿಕೊಟ್ಟಿರಂತೆ. ಅದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು, ಆಮೇಲೆ ಅದರ ಸುತ್ತ ಇನ್ನೂ ಹದಿನೇಳು ಚೀಟಿ. ಇದರಿಂದ ಆದ ಅನಾಹುತವನ್ನು ಏನೆಂದು ಹೇಳಲಿ. ಮದುವೆಯ ಹಿಂದಿನ ದಿನ ಜಗಳವಾಡಲೆಂದೇ ನರಸಿಂಹರಾಜಪುರದಿಂದ ಬಸ್ಸು ಹತ್ತಿ ಬರುತ್ತಿದ್ದ ಹೆಂಗಸರು, ಬ್ಲೌಸು ಗುಂಡಿ ಸಮೇತ ಸಿದ್ಧವಾಗಿರುವುದನ್ನು ಕಂಡು, ಸಿದ್ಧಪಡಿಸಿಕೊಂಡು ಬಂದ ಮಾತನ್ನೆಲ್ಲ ಹಾಗೇ ವಾಪಸು ಹೊತ್ತುಕೊಂಡು ಹೋಗುತ್ತಿದ್ದಾರೆ.

ಅಷ್ಟು ಸಾಲದೆಂದು ತಾವು ಅವಳಿಗೆ ‘ಆಗುವುದಿಲ್ಲ’ ಎನ್ನಲು ಕಲಿಸಿದಿರಿ. ನಮ್ಮ ಮನೆಯಲ್ಲಿ ಆ ಮಾತು ಹೇಳುವ ಹಕ್ಕು ಇದುವರೆಗೆ ನನ್ನೊಬ್ಬಳಿಗೇ ಇತ್ತು. ಮೆಣಸೆಯಲ್ಲಿ ನನ್ನ ತಂಗಿಯ ಮನೆಯ ಸತ್ಯನಾರಾಯಣ ಪೂಜೆಗೆ ಕರೆದಾಗ, ಅರ್ಧ ಗಂಟೆ ಕೂರುತ್ತೇನೆ, ಊಟದ ಗದ್ದಲಕ್ಕೆ ಮುಂಚೆ ಹೊರಡುತ್ತೇನೆ ಎಂದು ಮೊದಲೇ ಷರತ್ತು ಹಾಕಿದಳು. ಕಿವಿಗೆ ರಬ್ಬರಿನ ಬಿರಡೆ ಇಟ್ಟುಕೊಂಡು ಅರ್ಧ ಗಂಟೆ ಕೂತಳು, ಎಲ್ಲರನ್ನೂ ನೋಡಿ ನಕ್ಕಳು, ಪ್ರಸಾದ ತೆಗೆದುಕೊಂಡು ಹೊರಟಳು. ಮಾರನೆಯ ದಿನ ಎಂದಿನಂತೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಲೂ ಇಲ್ಲ. ಪ್ರತಿ ಸಮಾರಂಭದ ಮಾರನೆಯ ದಿನ ಅವಳಿಗೆ ಗಂಜಿ ಬೇಯಿಸಿಕೊಟ್ಟು ಬೈಯುವ ಅಭ್ಯಾಸವಿದ್ದ ನಾನು ಆ ದಿನ ಏನು ಮಾಡಬೇಕಿತ್ತೆಂದು ತಮ್ಮ ಪಾಠದಲ್ಲಿ ಎಲ್ಲೂ ಇಲ್ಲ.

ಹೀಗೆ ಎಲ್ಲವೂ ಕೈಮೀರುತ್ತಿರುವಾಗ, ಮುಂದಿನ ಆರು ತಿಂಗಳ ತಂಡಕ್ಕೆ ಸೇರಿಸಿಕೊಳ್ಳುವ ಮೊದಲು ‘ಮನೆಯವರ ಹೇಳಿಕೆ’ ಎಂಬ ನಲವತ್ತು ಪ್ರಶ್ನೆಗಳ ಅರ್ಜಿ ನನ್ನ ಹೆಸರಿಗೆ ಬಂತು.

ಮಾನ್ಯರೇ, ತಾವು ಓದಿದವರು, ಆದರೆ ನಮ್ಮ ಸೀಮೆಯನ್ನು ಓದಿದವರಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನಲ್ಲಿ ಯಾರಾದರೂ ಬಂದು ನಿಮ್ಮ ಮಗಳ ಸ್ವಭಾವ ಹೇಗೆ, ನಿದ್ದೆ ಹೇಗೆ, ಕೋಪ ಉಂಟಾ, ನಾಲ್ಕು ಜನರ ಜೊತೆ ಬೆರೆಯುತ್ತಾಳಾ ಎಂದು ಕೇಳಿದರೆ ಅದು ಸಂಬಂಧದ ವಿಚಾರಣೆ. ಅದಕ್ಕೆ ತಾಯಿಯಾದವಳು ಕೊಡಬೇಕಾದ ಉತ್ತರ ಅಜ್ಜಿಯ ಕಾಲದಿಂದ ನಿಶ್ಚಯವಾಗಿದೆ. ಪೆನ್ನು ಹಿಡಿದ ತಕ್ಷಣ ನನ್ನ ಕೈ ತಾನಾಗಿಯೇ ಹೊರಟಿತು. ಚಿಕ್ಕಂದಿನಲ್ಲಿ ಸರತಿಗಾಗಿ ಕಾಯುತ್ತಿದ್ದಳೇ? ಕಾಯುತ್ತಿದ್ದಳು. ವಸ್ತುಗಳನ್ನು ಕಳೆಯುತ್ತಿದ್ದಳೇ? ಛೇ. ಗದ್ದಲ ಸಹಿಸುತ್ತಿದ್ದಳೇ? ಸಂಗೀತಪ್ರಿಯಳು. ಕೊನೆಯಲ್ಲಿ ‘ಇತರ ವಿವರ’ ಎಂಬ ಜಾಗದಲ್ಲಿ, ಕೇಳದಿದ್ದರೂ, ಅಡುಗೆ ಬಲ್ಲಳು, ಹಿರಿಯರಲ್ಲಿ ಭಕ್ತಿಯುಳ್ಳವಳು ಎಂದು ಸೇರಿಸಿದೆ.

ತಮ್ಮ ಉತ್ತರ ಶಾಂಭವಿಗೆ ಬಂತು. ತಾಯಿಯ ಹೇಳಿಕೆಯಂತೆ ನಿಮಗೆ ಯಾವ ತೊಂದರೆಯೂ ಇದ್ದಂತಿಲ್ಲ, ಮನೆಯವರು ಒಪ್ಪದೆ ಈ ತರಬೇತಿ ಫಲಿಸುವುದಿಲ್ಲ, ಮೊದಲು ಮನೆಯಲ್ಲಿ ಮಾತಾಡಿ, ಅಲ್ಲಿಯವರೆಗೆ ನಿಮ್ಮ ಸೇರ್ಪಡೆಯನ್ನು ತಡೆಹಿಡಿದಿದ್ದೇವೆ ಎಂದು ತಾವು ಬಹಳ ಮರ್ಯಾದೆಯಿಂದ ಬರೆದಿರಿ. ಜೊತೆಗೆ ನನ್ನ ಅರ್ಜಿಯನ್ನೂ ಲಗತ್ತಿಸಿದಿರಿ. ಅವಳು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಇದು ಯಾರಮ್ಮ ಈ ಹುಡುಗಿ? ಒಳ್ಳೇವಳ ಥರ ಕಾಣ್ತಾಳೆ. ನಿಂಗೆ ಇವಳೇ ಬೇಕಿತ್ತಲ್ಲ,” ಎಂದಳು. ಕೂಗಲಿಲ್ಲ. ಮಾರನೆಯ ದಿನ ಅಂಗಡಿಗೆ ಊಟ ಕೊಡಲು ಹೋದಾಗ ನೋಡಿದೆ, ಗೋಡೆಯ ಚೀಟಿಗಳನ್ನೆಲ್ಲ ಕಿತ್ತಿದ್ದಳು. ಮೇಜಿನ ಮೇಲೆ ಮತ್ತೆ ಐದು ಬ್ಲೌಸು, ಐದೂ ಅರ್ಧ.

ತಮ್ಮ ತಂಡ ಬರುವ ಸೋಮವಾರ ಶುರುವಂತೆ. ಆದ್ದರಿಂದ ಹೇಳಿಕೆಯನ್ನು ತಿದ್ದಿ ಈ ಬಹಿರಂಗ ಪತ್ರದಲ್ಲಿ ಕಳಿಸುತ್ತಿದ್ದೇನೆ. ಬಹಿರಂಗವಾಗಿ ಯಾಕೆಂದರೆ, ಸುಳ್ಳನ್ನು ನಲವತ್ತು ವರ್ಷ ಮನೆಮನೆಗೆ ಹೇಳಿಕೊಂಡು ಬಂದವಳು ನಿಜವನ್ನು ಮುಚ್ಚಿದ ಕವರಿನಲ್ಲಿ ಕಳಿಸುವುದು ನಮ್ಮ ಮನೆತನಕ್ಕೆ ಒಪ್ಪುವುದಿಲ್ಲ. ಶಾಂಭವಿಯ ಅಪ್ಪಣೆ ಪಡೆದಿದ್ದೇನೆ. ಮೂರು ಸಾಲು ಹೊಡೆದುಹಾಕಿ, ಉಳಿದದ್ದು ಇರಲಿ ಎಂದಳು.

ತಿದ್ದಿದ ಹೇಳಿಕೆ ಇದು: ಶಾಲೆಗೆ ಹೋಗುವಾಗ ಒಂದೇ ಮಳೆಗಾಲದಲ್ಲಿ ಆರು ಕೊಡೆ ಕಳೆದಳು. ಏಳನೆಯದನ್ನು ನಾನು ಅವಳ ಚೀಲಕ್ಕೆ ಹೊಲಿದೆ, ಚೀಲವನ್ನೇ ಬಿಟ್ಟು ಬಂದಳು. ಒಂಬತ್ತನೆಯ ವಯಸ್ಸಿನಲ್ಲಿ ಹರಿಹರಪುರದ ಒಂದು ಮದುವೆಯಲ್ಲಿ ಗಟ್ಟಿಮೇಳ ಶುರುವಾದ ಕೂಡಲೇ ಉಗ್ರಾಣಕ್ಕೆ ಓಡಿ, ಕೊಪ್ಪರಿಗೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂತಳು. ನಾನು ಜನರಿಗೆ ಜ್ವರ ಎಂದೆ, ಅವಳಿಗೆ ಹಟಮಾರಿ ಎಂದೆ, ತೊಡೆ ಚಿವುಟಿ ಹೊರಗೆ ಎಳೆದು ತಂದೆ. ಇಪ್ಪತ್ತಮೂರರಲ್ಲಿ ಬಾಳೆಹೊನ್ನೂರಿನಿಂದ ಹೆಣ್ಣು ನೋಡಲು ಬಂದಾಗ, ಹಾಡು ಬರುತ್ತದೆಯೇ ಎಂದು ಕೇಳಿದ ಗಂಡಿನ ತಂದೆಗೆ, “ನಿಮ್ಮ ಜುಬ್ಬದ ಎಡತೋಳು ಗಿಡ್ಡ ಉಂಟು, ಬಿಚ್ಚಿಕೊಡಿ, ಸರಿ ಮಾಡ್ತೇನೆ,” ಎಂದಳು. ಅವರು ಉಪ್ಪಿಟ್ಟು ಮುಗಿಸಿ ಹೋದವರು ಮತ್ತೆ ಬರಲಿಲ್ಲ. ಅದಕ್ಕಾಗಿ ಅವಳನ್ನು ಒಂದು ತಿಂಗಳು ಮಾತಾಡಿಸದೆ ಬಿಟ್ಟೆ. ತೋಳು ಗಿಡ್ಡವಿತ್ತು ಮಾನ್ಯರೇ. ಅವರು ಬಾಗಿಲು ದಾಟಿ ಒಳಗೆ ಬರುವಾಗಲೇ ನಾನೂ ನೋಡಿದ್ದೆ.

ಒಬ್ಬ ಮದುಮಗಳ ಬ್ಲೌಸಿನ ಬೆನ್ನಿಗೆ ಹನ್ನೊಂದು ದಿನ ನವಿಲು ಕಸೂತಿ ಹಾಕಿ, ತೋಳು ಹಚ್ಚುವುದನ್ನೇ ಮರೆತದ್ದೂ ನಿಜ. ಆ ನವಿಲಿನಷ್ಟು ಚಂದದ ನವಿಲು ನಮ್ಮ ಕಾಡಿನಲ್ಲಿಲ್ಲ ಎಂಬುದನ್ನು ನಾನು ಅವಳಿಗೆ ಇದುವರೆಗೆ ಹೇಳಿಲ್ಲ ಎಂಬುದೂ ನಿಜ. ಇದಕ್ಕೆ ತಮ್ಮ ಅರ್ಜಿಯಲ್ಲಿ ಪ್ರಶ್ನೆಯಿರಲಿಲ್ಲ.

ಈಗ ನನ್ನ ಬೇಡಿಕೆಗಳು. ಸೋಮವಾರ ಶಾಂಭವಿಯನ್ನು ಸೇರಿಸಿಕೊಳ್ಳತಕ್ಕದ್ದು. ಹೊರಡುವ ಹೊತ್ತು ಬೋರ್ಡಿನಲ್ಲಿ ಒಂದು, ಡ್ರೈವರಿನ ಮನಸ್ಸಿನಲ್ಲಿ ಒಂದು ಇರುವ ಶೃಂಗೇರಿ ಬಸ್ಸಿಗೂ ತಮ್ಮ ಕಾಲನಿರ್ವಹಣೆಯ ಪಾಠವನ್ನು ಉಚಿತವಾಗಿ ಕೊಡತಕ್ಕದ್ದು; ಅದಕ್ಕೆ ಯಾವ ಕಾಯಿಲೆಯೂ ಇಲ್ಲ, ಬರೀ ಸೊಕ್ಕು. ಕೊನೆಯದಾಗಿ, ನಲವತ್ತೆರಡು ವರ್ಷದಲ್ಲಿ ಆಡಿದ ಬೈಗುಳವನ್ನು ಒಂದೊಂದಾಗಿ ವಾಪಸು ತೆಗೆದುಕೊಳ್ಳುವುದನ್ನು ಕಲಿಸುವ ತರಬೇತಿ ತಮ್ಮಲ್ಲಿ ಇದ್ದರೆ ನನ್ನ ಹೆಸರನ್ನೂ ಬರೆದುಕೊಳ್ಳಿ. ಮಧ್ಯಾಹ್ನ ಎರಡರಿಂದ ಮೂರು ನಾನು ಮಲಗುವ ಹೊತ್ತು, ಅದು ಬಿಟ್ಟು ಯಾವಾಗಲಾದರೂ ಆದೀತು. ಗಂಟೆ ಮಾತ್ರ ಬಾರಿಸಬೇಡಿ.

ತಮ್ಮ ಮೇಲೆ ಇನ್ನೂ ಪೂರ್ತಿ ವಿಶ್ವಾಸ ಕುದುರದ
ತಮ್ಮ ವಿಶ್ವಾಸಿ,
ಶಂಕರಮ್ಮ
ಕೊಪ್ಪ

ಮರೆತ ಮಾತು: ಇನ್ನು ಮುಂದೆ ನಮ್ಮ ಕಡೆಯ ಯಾರ ಬಗ್ಗೆಯಾದರೂ ನಿಜ ಬೇಕಿದ್ದರೆ ದಯವಿಟ್ಟು ತಾಯಿಯನ್ನು ಕೇಳಬೇಡಿ. ತಾಯಿಯ ಜೊತೆ ಮಾತು ಬಿಟ್ಟಿರುವ ಪಕ್ಕದ ಮನೆಯವಳನ್ನು ಕೇಳಿ. ನಮ್ಮ ಮಟ್ಟಿಗೆ ಆಕೆಯ ಹೆಸರು ಗೋದಾವರಿ. ನಲವತ್ತಲ್ಲ, ನಾನೂರು ಪ್ರಶ್ನೆ ಕಳಿಸಿದರೂ ಕನ್ನಡಕವಿಲ್ಲದೆ ತುಂಬಿಕೊಡುತ್ತಾಳೆ. ಅದರಲ್ಲಿ ಅರ್ಧ ನಿಜವಿರುತ್ತದೆ; ಯಾವ ಅರ್ಧ ಎಂದು ಶಾಂಭವಿಯನ್ನು ಕೇಳಿ. ಸುಳ್ಳು ಹೇಳಲು ನಾನು ಎಷ್ಟು ಕಲಿಸಿದರೂ ಅವಳಿಗೆ ಬರಲಿಲ್ಲ.