ವಾಷರಣ್ಣನ ಅಳುವ ನಲ್ಲಿ

"ಇನ್ಮೇಲೆ ನಲ್ಲಿ ಸೋರುತ್ತೆ, ಸಿಂಕ್ ಕಟ್ಕೊಂಡಿದೆ ಅಂತ ಯಾರೂ ನನ್ನ ಬಾಗಿಲು ತಟ್ಟಬಾರದು. ನಾನೀಗ ಸಿನಿಮಾದವನು!"

ವಾಷರಣ್ಣ ಈ ಘೋಷಣೆ ಮಾಡಿದ್ದು ನಟ್ಟನಡು ಬೀದಿಯಲ್ಲಿ, ಎದುರುಮನೆ ಅಜ್ಜಿಯ ಮುಂದೆ. ಕೈಯಲ್ಲಿ ತರಬೇತಿ ಕೇಂದ್ರದಿಂದ ಬಂದ ಪತ್ರ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗೆ ಒಂದು ಸಲ, ಕೆಳಗಿಂದ ಮೇಲೆ ಒಂದು ಸಲ ನೋಡಿದಳು.

"ಹೀರೋನೋ, ವಿಲನ್ನೋ?"

"ಎರಡೂ ಅಲ್ಲ ಅಜ್ಜಿ. ತೆರೆಯ ಹಿಂದಿನ ಕೆಲಸ."

"ಅಂದ್ರೆ ನೀನು ಕಾಣ್ಸಲ್ಲ."

"ಕಾಣ್ಸಲ್ಲ."

"ಹಾಗಾದ್ರೆ ಸಿನಿಮಾ ನೋಡಬಹುದು," ಎಂದು ಅಜ್ಜಿ ಒಳಗೆ ಹೋದಳು.

ವಾಷರಣ್ಣ ಮೂವತ್ತು ವರ್ಷ ಪ್ಲಂಬರ್. ಯಾವ ಮನೆಗೆ ಕರೆದರೂ ಚೀಲ ಕೆಳಗಿಡುವ ಮೊದಲೇ "ವಾಷರ್ ಹೋಗಿದೆ" ಅನ್ನುತ್ತಿದ್ದ. ನಲ್ಲಿ ಸೋರಿದರೂ ವಾಷರ್, ಫ್ಯಾನ್ ತಿರುಗದಿದ್ದರೂ ವಾಷರ್, ಪಕ್ಕದ ಮನೆ ಹುಡುಗ ಗಣಿತದಲ್ಲಿ ಫೇಲಾದರೂ ವಾಷರ್. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿ ಇದೇ ನಿಂತಿತು. ಈಗ ಐವತ್ತಮೂರನೇ ವಯಸ್ಸಿಗೆ ಅವನ ಸ್ವಂತ ಮಂಡಿಗಳ ವಾಷರ್ ಹೋಗಿತ್ತು. ಸಿಂಕಿನ ಕೆಳಗೆ ನುಸುಳಿದರೆ ಹೊರಗೆ ಬರಲು ಮನೆಯವರೆಲ್ಲ ಸೇರಿ ಎಳೆಯಬೇಕಾಗುತ್ತಿತ್ತು. ಕರೆಯುವವರು ಒಬ್ಬೊಬ್ಬರಾಗಿ ಕಮ್ಮಿಯಾದರು. ಆಗಲೇ ಈ ಪ್ರಕಟಣೆ ಕಣ್ಣಿಗೆ ಬಿದ್ದದ್ದು. ಕೈಕೆಲಸ ಬಲ್ಲವರಿಗೆ ಸಿನಿಮಾ, ಟೀವಿಯ ಸೆಟ್ ಕೆಲಸದ ತರಬೇತಿ, ಮೂರು ತಿಂಗಳು, ಕೊನೆಗೊಂದು ಪರೀಕ್ಷೆ. ಪಾಸಾದರೆ ಸ್ಟುಡಿಯೋದಲ್ಲಿ ನಿಂತು ಮಾಡುವ ಕೆಲಸ. ಫೇಲಾದರೆ ಮನೆಯಲ್ಲಿ ಕೂತು ಮಂಡಿ ನೀವಿಕೊಳ್ಳುವುದು. ಇದು ವಾಷರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಬೀದಿಯಲ್ಲಿ ಅಷ್ಟು ಜೋರಾಗಿ ಕೂಗಿದ್ದು ಅದಕ್ಕೇ.

ತರಬೇತಿ ನಡೆಯುತ್ತಿದ್ದದ್ದು ಎರಡು ಬೀದಿ ಆಚೆಯ ಹಳೇ ಗೋಡೌನಿನಲ್ಲಿ. ಕಲಿಸುವವರು ಒಬ್ಬ ಮೇಡಂ. ಮೆಲುದನಿ, ಕತ್ತಿನಲ್ಲಿ ಸದಾ ನೇತಾಡುವ ಸ್ಟಾಪ್‌ವಾಚು. ಮೊದಲ ದಿನವೇ ಹೇಳಿದರು: "ಇಷ್ಟು ವರ್ಷ ನೀವು ಕೆಟ್ಟದ್ದನ್ನ ಸರಿ ಮಾಡಿದ್ದೀರಿ. ಇಲ್ಲಿ ಸರಿ ಇರೋದನ್ನ ಕೆಡಿಸಬೇಕು. ಹೇಳಿದಾಗ ಕೆಡಬೇಕು, ಹೇಳಿದಷ್ಟೇ ಕೆಡಬೇಕು."

ವಾಷರಣ್ಣ ಪಕ್ಕದಲ್ಲಿ ಕೂತಿದ್ದ ದಪ್ಪ ಮೀಸೆಯ ಬಡಗಿಗೆ ಪಿಸುಗುಟ್ಟಿದ, "ಇಷ್ಟೇನಾ? ಕೆಡಿಸೋಕೆ ಕಲೀಬೇಕಾ?"

ಕಲಿಯಬೇಕಿತ್ತು. ಬಡಗಿಗೆ ಕೊಟ್ಟ ಕೆಲಸ, ನಾಯಕ ಎತ್ತಿ ಕುಕ್ಕಿದರೆ ಪುಡಿಯಾಗುವ ಕುರ್ಚಿ. ಅವನು ಮಾಡಿದ ಕುರ್ಚಿಯನ್ನು ಕುಕ್ಕಿದರೆ ನೆಲ ಬಿರುಕುಬಿಟ್ಟಿತು. ಮೂರು ಜನ ಹತ್ತಿ ಕುಣಿದರೂ ಜಗ್ಗಲಿಲ್ಲ. "ಕೈ ಕೇಳಲ್ಲ ಮೇಡಂ, ತಾನೇ ಗೋಂದು ಹಾಕಿಬಿಡುತ್ತೆ," ಎಂದು ಬಡಗಿ ತಲೆ ತಗ್ಗಿಸಿದ.

ವಾಷರಣ್ಣನಿಗೆ ಸನ್ನೆ ಕೊಟ್ಟಾಗ ಒಡೆದು ಚಿಮ್ಮುವ ಪೈಪಿನ ಕೆಲಸ ಬಂತು. ಒಡೆಯಲೆಂದು ತಾನೇ ಕೊರೆದ ಜಾಗ ಕಂಡರೆ ಅವನಿಗೆ ನಾಚಿಕೆಯಾಗುತ್ತಿತ್ತು. ಯಾರೂ ನೋಡದಾಗ ಅದಕ್ಕೆ ನಾಲ್ಕು ಸುತ್ತು ಟೇಪು ಬಿಗಿದ. ಮೇಡಂ ಕೈ ಎತ್ತಿದರು. ಪೈಪು ಬಂಡೆಯಂತೆ ನಿಂತಿತು. ಒಳಗೇ ಸಿಕ್ಕಿಬಿದ್ದ ನೀರು ಹಿಂದಕ್ಕೆ ಹೋಗಿ, ಆಫೀಸು ಕೋಣೆಯ ಗೋಡೆಯಿಂದ ಚಿಮ್ಮಿ ಹಾಜರಿ ಪುಸ್ತಕವನ್ನು ತೋಯಿಸಿತು. ಅಲ್ಲಿಯವರೆಗಿನ ಹಾಜರಿಯಲ್ಲಿ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ಅಂದಿನಿಂದ ನೀಲಿ ಮಸಿಯ ಒಂದು ಕೆರೆ.

ಕೊನೆಯ ಪರೀಕ್ಷೆಗೆ ಮೇಡಂ ಅವನಿಗೆ ಕೊಟ್ಟ ಪ್ರಶ್ನೆ ಇದು: "ಅಡುಗೆಮನೆ ಸೆಟ್. ನಾಯಕಿಗೆ ಕೆಟ್ಟ ಸುದ್ದಿ ಬಂದಿದೆ. ಅವಳು ಅಳಲ್ಲ, ಮಾತಾಡಲ್ಲ. ಅವಳ ಬದಲು ನಲ್ಲಿ ಅಳುತ್ತೆ. ಮೂರು ಸೆಕೆಂಡಿಗೆ ಒಂದು ಹನಿ, ಎರಡು ನಿಮಿಷ."

ಪ್ರಶ್ನೆಪತ್ರಿಕೆ ಲೀಕಾದದ್ದನ್ನು ನಾವೆಲ್ಲ ಕೇಳಿದ್ದೇವೆ. ಲೀಕೇ ಪ್ರಶ್ನೆಪತ್ರಿಕೆಯಾದದ್ದು ಬಹುಶಃ ಇದೇ ಮೊದಲು.

ತೊಂದರೆ ಇದ್ದದ್ದು ವಾಷರಣ್ಣನ ಬಲಗೈಯಲ್ಲಿ. ಯಾವ ನಲ್ಲಿ ಮುಚ್ಚಿದರೂ ಕೊನೆಗೆ ಇನ್ನೊಂದು ಕಾಲು ಸುತ್ತು ಬಿಗಿಯುವುದು ಆ ಕೈಗೆ ಮೂವತ್ತು ವರ್ಷದ ಅಭ್ಯಾಸ. ಅದನ್ನವನು "ಆಶೀರ್ವಾದ" ಅನ್ನುತ್ತಿದ್ದ. ಸಡಿಲ ಬಿಟ್ಟರೆ ನೀರು ಧಾರೆಯಾಗಿ ಸುರಿಯಿತು. ಹನಿಗೆ ಇಳಿಸೋಣವೆಂದು ಮುಚ್ಚುತ್ತ ಬಂದರೆ ಕೈ ಆಶೀರ್ವಾದ ಮಾಡಿಬಿಟ್ಟಿತು, ನಲ್ಲಿ ಮೌನವ್ರತ ಹಿಡಿಯಿತು. ಹತ್ತು ದಿನ ಹೀಗೇ. ಒಂದೋ ಗೋಳಾಟ, ಇಲ್ಲವೇ ಮೌನ. ಅಳು ಮಾತ್ರ ಬರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವನು ಸೋತು ಸುಣ್ಣವಾಗಿ ಅಡುಗೆಮನೆಯಲ್ಲಿ ಕೂತಿದ್ದ. ಆಗ ಕೇಳಿಸಿತು.

ಟಪ್.

ಅವರ ಮನೆಯ ಅಡುಗೆಮನೆ ನಲ್ಲಿ ಹನ್ನೊಂದು ವರ್ಷದಿಂದ ಸೋರುತ್ತಿತ್ತು. ಕೆಳಗೊಂದು ಸ್ಟೀಲ್ ಲೋಟ ಕಾಯಂ ಇತ್ತು. ಮನೆಯಲ್ಲೇ ಹೊಲಿಗೆ ಮಾಡುವ ಹೆಂಡತಿ ಮಿಷನ್ನಿನ ಮುಂದಿನಿಂದ ಹೇಳುತ್ತಿದ್ದಳು: "ಊರ ನಲ್ಲಿಗೆಲ್ಲ ನೀವು ಡಾಕ್ಟ್ರು. ನಮ್ಮನೆ ನಲ್ಲಿಗೆ ಮಾತ್ರ ದೂರದ ನೆಂಟ್ರು." ವಾಷರಣ್ಣ ತಪ್ಪದೆ ಉತ್ತರ ಕೊಡುತ್ತಿದ್ದ: "ನಾಳೆ ನೋಡ್ತೀನಿ." ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇಲ್ಲಿ ಆ ಬುಡದಲ್ಲಿ ಒಂದು ಲೋಟ ನೀರೂ ಇತ್ತು.

ಅವನು ವಾಚು ಹಿಡಿದು ಎಣಿಸಿದ. ಮೂರು ಸೆಕೆಂಡು. ಟಪ್. ಮತ್ತೆ ಮೂರು. ಟಪ್. ವಾಷರಣ್ಣನ ಕಣ್ಣು ತುಂಬಿ ಬಂತು. ಬಗಲಲ್ಲೇ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆನಲ್ಲ! ಬೆಳಿಗ್ಗೆ ಇದನ್ನೇ ಬಿಚ್ಚಿಕೊಂಡು ಹೋದರಾಯಿತು. ಅವನು ಆ ನಲ್ಲಿಯನ್ನು ನಲ್ಲೆಯನ್ನು ನೋಡುವಂತೆ ನೋಡುತ್ತ ಕೂತ. ಹೆಂಡತಿ ಊಟಕ್ಕೆ ಎರಡು ಸಲ ಕರೆದಳು. ಕೇಳಿಸಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡ ನೀರು ತುಂಬಿದ ಕಣ್ಣಲ್ಲಿ ನಲ್ಲಿಯನ್ನೇ ದಿಟ್ಟಿಸುತ್ತಿದ್ದಾನೆ, ಕೈಯಲ್ಲಿ ವಾಚು, ಪ್ರತಿ ಹನಿಗೂ ತುಟಿ ಅಲುಗುತ್ತಿದೆ. ಪಾಪ, ನಾಳೆ ಪರೀಕ್ಷೆ, ಈ ಟಪ್ ಟಪ್ ತಲೆ ತಿನ್ನುತ್ತಿದೆ. ಬಾಯಿ ಬಿಟ್ಟು ಹೇಳಲು ಅಭಿಮಾನ ಎಂದುಕೊಂಡಳು.

ಮದುವೆಯಾದ ಹೊಸದರಲ್ಲಿ ಎರಡು ವರ್ಷ ಅವನ ಜೊತೆ ಹೋಗಿ ಸ್ಪ್ಯಾನರ್ ಎತ್ತಿಕೊಟ್ಟವಳು ಅವಳು. ಬೆಳಿಗ್ಗೆ ಅವನಿಗಿಂತ ಮೊದಲೆದ್ದು ತಾರಸಿಗೆ ಹೋಗಿ ವಾಲ್ವ್ ಮುಚ್ಚಿದಳು. ಅವನ ಚೀಲದಿಂದಲೇ ಹೊಸ ವಾಷರ್ ತೆಗೆದು ನಲ್ಲಿಗೆ ಹಾಕಿದಳು. ಕೊನೆಗೆ, ಅವನು ಮಾಡುವುದನ್ನು ನೋಡಿ ಕಲಿತಂತೆ, ಕಾಲು ಸುತ್ತು ಬಿಗಿದಳು. ವಾಲ್ವ್ ತೆರೆದು ಬಂದು ನೋಡಿದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಡುಗೆಮನೆ ನಿಶ್ಶಬ್ದ. ಲೋಟ ತೊಳೆದು ಕಪಾಟಿನಲ್ಲಿಟ್ಟು, ಎದ್ದು ನೋಡಿ ಖುಷಿಪಡಲಿ ಎಂದುಕೊಂಡು ತಲೆಸ್ನಾನಕ್ಕೆ ಹೋದಳು.

ವಾಷರಣ್ಣ ಎದ್ದವನೇ ಅಡುಗೆಮನೆಗೆ ಬಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಅವನು ಕಸಬುದಾರ. ಮೊದಲು ವಾಲ್ವ್, ಆಮೇಲೆ ನಲ್ಲಿ, ಇದು ಅವನ ಧರ್ಮ. ಹಾಸಿಗೆಯಿಂದ ನೇರ ತಾರಸಿಗೆ ಹೋಗಿ ವಾಲ್ವ್ ಮುಚ್ಚಿದ. ಕೆಳಗಿಳಿದು ಬಂದಾಗ ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ವಾಲ್ವ್ ಮುಚ್ಚಿದ ಮೇಲೆ ಯಾವ ನಲ್ಲಿ ತಾನೇ ತೊಟ್ಟಿಕ್ಕುತ್ತದೆ? ಲೋಟ ಕಾಣಲಿಲ್ಲ. ತೊಳೆಯಲು ಒಯ್ದಿರಬೇಕು ಅಂದುಕೊಂಡ. ನಲ್ಲಿ ಬಿಚ್ಚಿ, ಮಗುವನ್ನು ಸುತ್ತುವಂತೆ ಟವೆಲಿನಲ್ಲಿ ಸುತ್ತಿ, ಬಗಲಿಗೇರಿಸಿ ಹೊರಟೇಬಿಟ್ಟ. ಗೋಡೆಯಲ್ಲಿ ಉಳಿದ ಪೈಪಿನ ಬಾಯಿಗೆ ಬಿರಡೆ ಹಾಕಲು ಮೂವತ್ತು ವರ್ಷದಲ್ಲಿ ಮೊದಲ ಸಲ ಮರೆತ.

ಬಚ್ಚಲಲ್ಲಿ ಹೆಂಡತಿಯ ತಲೆಯ ಮೇಲೆ ಒಂದು ಬುಟ್ಟಿ ನೊರೆ. ತೊಳೆಯಲು ನಲ್ಲಿ ತಿರುಗಿಸಿದರೆ ನೀರಿಲ್ಲ. "ರೀ!" ಎಂದು ಕೂಗಿದಳು. ಉತ್ತರವಿಲ್ಲ. ತಲೆಗೆ ಟವೆಲು ಸುತ್ತಿ, ಬಟ್ಟೆ ಉಟ್ಟು ತಾರಸಿಗೆ ಹೋದರೆ ವಾಲ್ವ್ ಮುಚ್ಚಿದೆ. ತಾನೇ ಸರಿಯಾಗಿ ತೆರೆದಿರಲಿಲ್ಲವೇನೋ ಎಂದುಕೊಂಡು ಪೂರ್ತಿ ತೆರೆದಳು. ಕೆಳಗಿನಿಂದ ಪಾತ್ರೆಗಳು ಉರುಳುವ ಸದ್ದು. ಓಡಿ ಬಂದು ಅಡುಗೆಮನೆ ಬಾಗಿಲು ತೆಗೆದವಳ ಎದೆಗೇ ನೀರು ರಾಚಿತು. ನೊರೆಯಂತೂ ಹೋಯಿತು, ಅದೊಂದು ಲಾಭ. ಮತ್ತೆ ತಾರಸಿಗೆ ಓಡಿ ವಾಲ್ವ್ ಮುಚ್ಚಿ, ಗೋಡೌನಿನ ಕಡೆ ಹೊರಟಳು.

ಅತ್ತ ಗೋಡೌನಿನಲ್ಲಿ ಅಡುಗೆಮನೆ ಸೆಟ್ ತಯಾರಾಗಿತ್ತು. ನಾಯಕಿಯ ಜಾಗದಲ್ಲಿ ಬಡಗಿಯನ್ನು ಕೂರಿಸಿದ್ದರು. ಕುರ್ಚಿ ಇನ್ನೂ ಮುರಿಯದೆ ಇದ್ದುದರಿಂದ ಅವನ ಮುಖದಲ್ಲಿ ಕೆಟ್ಟ ಸುದ್ದಿಯ ಕಳೆ ತಾನಾಗಿಯೇ ಇತ್ತು. ವಾಷರಣ್ಣ ಟವೆಲು ಬಿಚ್ಚಿ ನಲ್ಲಿಯನ್ನು ಸಿಂಕಿಗೆ ಜೋಡಿಸಿ, ಎದೆಯುಬ್ಬಿಸಿ ಹೇಳಿದ: "ಇದು ಹನ್ನೊಂದು ವರ್ಷದ ತಪಸ್ಸು ಮೇಡಂ. ಸ್ಟಾರ್ಟ್ ಮಾಡಿ."

ನೀರು ಬಿಟ್ಟರು. ಮೇಡಂ ಸ್ಟಾಪ್‌ವಾಚು ಒತ್ತಿ ಕಣ್ಣು ಮುಚ್ಚಿದರು.

ಮೂರು ಸೆಕೆಂಡು. ಆರು. ಒಂಬತ್ತು. ನಲ್ಲಿ ತುಟಿ ಬಿಚ್ಚಲಿಲ್ಲ. ವಾಷರಣ್ಣ ಬಗ್ಗಿ ನೋಡಿದ. ತುದಿ ಒಣಗಿತ್ತು. ಅರ್ಧ ನಿಮಿಷ ಕಳೆಯಿತು. ಅವನಿಗೆ ನೆನಪಾದದ್ದು ಮಂಡಿ, ಅದನ್ನು ನೀವುತ್ತ ಕೂರಬೇಕಾದ ಮುಂದಿನ ಇಪ್ಪತ್ತು ವರ್ಷ, ಎದುರುಮನೆ ಅಜ್ಜಿಯ ಕನ್ನಡಕ.

ಟಪ್.

ವಾಷರಣ್ಣನ ಜೀವ ಮರಳಿ ಬಂತು.

ಟಪ್.

"ಚೆನ್ನಾಗಿದೆ," ಅಂದರು ಮೇಡಂ, ಕಣ್ಣು ಮುಚ್ಚಿಕೊಂಡೇ. "ಸೌಂಡ್ ಬಹಳ ಸಹಜವಾಗಿದೆ. ಆದ್ರೆ ಹಿಂದುಗಡೆಯಿಂದ ಬರ್ತಿದೆ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ತೊಯ್ದು ತೊಪ್ಪೆ. ಅವಳ ಕೂದಲ ತುದಿಯಿಂದ ನೀರು, ಮೂರು ಸೆಕೆಂಡಿಗೆ ಒಂದರಂತೆ, ಪೇಂಟಿನ ಖಾಲಿ ಡಬ್ಬದ ಮುಚ್ಚಳದ ಮೇಲೆ ಬೀಳುತ್ತಿತ್ತು.

"ರೀ, ನಮ್ಮನೆ ನಲ್ಲಿ ಎಲ್ಲಿ?"

"ಇವಳೇ, ಇದಕ್ಕೇನಾಗಿದೆ ನೋಡು, ಸೋರ್ತಾನೇ ಇಲ್ಲ!"

"ಹೇಗೆ ಸೋರುತ್ತೆ? ಬೆಳಿಗ್ಗೆ ನಾನೇ ರಿಪೇರಿ ಮಾಡಿದೆ. ಅದರ ಸದ್ದಿಗೆ ನೀವು ಅಳ್ತಾ ಕೂತಿದ್ರಲ್ಲ ನಿನ್ನೆ."

"ಅಯ್ಯೋ, ಅದು ಸಂತೋಷಕ್ಕೆ ಅತ್ತಿದ್ದು!"

ಬಡಗಿ ತಾನು ನಾಯಕಿ ಎಂಬುದನ್ನು ಮರೆತು ನಕ್ಕುಬಿಟ್ಟ. ಮೇಡಂ ಎದ್ದು ಬಂದು ನಲ್ಲಿಯನ್ನು ತಿರುಗಿಸಿ ನೋಡಿದರು. "ಒಳ್ಳೆ ರಿಪೇರಿ," ಎಂದು ಹೆಂಡತಿಗೆ ಹೇಳಿ, ವಾಷರಣ್ಣನ ಕಡೆ ತಿರುಗಿ, "ಇದರಲ್ಲೇ ಹನಿ ಬರಿಸಿ. ಕೊನೇ ಅವಕಾಶ," ಅಂದರು.

ವಾಷರಣ್ಣ ನಲ್ಲಿ ಹಿಡಿದ. ಧಾರೆ ಬಂತು. ಮುಚ್ಚುತ್ತ ಬಂದ. ಕೈ ಆಶೀರ್ವಾದ ಮಾಡಿತು. ಮತ್ತೆ ತೆರೆದ, ಮತ್ತೆ ಆಶೀರ್ವಾದ. ಅವನ ಹಣೆಯಿಂದ ಬೆವರು ಹನಿಯಾಗಿ ಇಳಿಯಿತು, ಆದರೆ ಅದಕ್ಕೆ ಅಂಕವಿರಲಿಲ್ಲ. ಬಗ್ಗಿದ ಮಂಡಿ ನಡುಗುತ್ತಿತ್ತು. ಅದನ್ನು ಹೆಂಡತಿ ನೋಡಿದಳು. ನೋಡಿದವಳ ಸಿಟ್ಟು ಅಲ್ಲೇ ಇಳಿಯಿತು. ಮೆಲ್ಲನೆ ಅವನ ಹಿಂದೆ ಬಂದು ನಿಂತು, ದಿನಾ ಹೊಲಿಗೆ ಮಿಷನ್ನಿನ ಮುಂದಿನಿಂದ ಹೇಳುವ ಅದೇ ದನಿಯಲ್ಲಿ ಹೇಳಿದಳು:

"ರೀ, ಅಡುಗೆಮನೆ ನಲ್ಲಿ ಸೋರ್ತಾ ಇದೆ. ಸ್ವಲ್ಪ ನೋಡಬಾರದಾ?"

"ಆಯ್ತು, ನಾಳೆ ನೋಡ್ತೀನಿ," ಅಂದಿತು ವಾಷರಣ್ಣನ ಬಾಯಿ, ತಾನಾಗಿಯೇ. ಮುಚ್ಚುತ್ತಿದ್ದ ಕೈ ಅಲ್ಲಿಗೇ ಸಡಿಲವಾಗಿ, ಕೊನೆಯ ಕಾಲು ಸುತ್ತನ್ನು ಬಾಕಿ ಬಿಟ್ಟು ಕೆಳಗಿಳಿಯಿತು.

ಟಪ್.

ಮೇಡಂ ಸ್ಟಾಪ್‌ವಾಚು ಒತ್ತಿದರು. ಮೂರು ಸೆಕೆಂಡು, ಟಪ್. ಮೂರು ಸೆಕೆಂಡು, ಟಪ್. ಎರಡು ನಿಮಿಷವೂ ನಲ್ಲಿ ಎಷ್ಟು ಚೆನ್ನಾಗಿ ಅತ್ತಿತೆಂದರೆ, ಬಡಗಿಯೂ ಕುರ್ಚಿಯನ್ನು ನೆನೆದು ಮೂಗೊರೆಸಿಕೊಂಡ.

"ಪಾಸ್," ಅಂದರು ಮೇಡಂ. ಆಮೇಲೆ ಹೆಂಡತಿಯನ್ನು ಕೇಳಿದರು, "ಇದು ಹೇಗೆ ಹೊಳೀತು ನಿಮಗೆ?"

"ಹೊಳೆಯೋದೇನು ಮೇಡಂ, ಹನ್ನೊಂದು ವರ್ಷದ ಅನುಭವ. ಊರಿನ ನಲ್ಲಿ ಅಂದ್ರೆ ಇವರ ಕೈ ಬಿಗಿಯುತ್ತೆ. ಮನೇದು ಅಂದ್ರೆ ಸಡಿಲ ಆಗುತ್ತೆ."

ಸಂಜೆ ವಾಷರಣ್ಣ ಹೊಸ ನಲ್ಲಿ ತಂದು, ಹೆಂಡತಿ ಕೇಳುವ ಮೊದಲೇ ಅಡುಗೆಮನೆಗೆ ಹಾಕಿದ, ಕಾಲು ಸುತ್ತಿನ ಸಮೇತ. ಹೆಂಡತಿ ಟೀ ಕೊಟ್ಟಳು, ಅದೇ ಸ್ಟೀಲ್ ಲೋಟದಲ್ಲಿ. ಟೀ ಅರ್ಧವಾಗಿರಲಿಲ್ಲ, ಬಾಗಿಲು ತಟ್ಟಿದ ಸದ್ದು. ಎದುರುಮನೆ ಅಜ್ಜಿ.

"ನಮ್ಮ ಬಚ್ಚಲ ನಲ್ಲಿ ಸೋರ್ತಿದೆಯಪ್ಪ."

ಬೀದಿಯಲ್ಲಿ ಕೂಗಿ ಹೇಳಿದ ಮಾತು ವಾಷರಣ್ಣನಿಗೆ ನೆನಪಿತ್ತು. ಆದರೂ ಇವತ್ತು ಪಾಸಾದ ದಿನ, ಮನಸ್ಸು ದೊಡ್ಡದಾಗಿತ್ತು. "ನಾನು ಸಿನಿಮಾದವನಾದ್ರೂ ನಿಮಗೆ ಇಲ್ಲ ಅಂತೀನಾ ಅಜ್ಜಿ? ವಾಷರ್ ಹೋಗಿರುತ್ತೆ," ಎಂದು ಮಂಡಿ ಹಿಡಿದುಕೊಂಡು ಎದ್ದು ಚೀಲಕ್ಕೆ ಕೈ ಹಾಕಿದ.

"ನೀನು ಕೂತ್ಕೋ," ಅಂದಳು ಅಜ್ಜಿ. "ನಿನ್ನ ಹೆಂಡತೀನ ಕಳಿಸು. ನೀನು ಸೋರ್ಸೋದ್ರಲ್ಲಿ ಪಾಸಾಗಿದ್ದೀಯಂತಲ್ಲ."