ಹುಲ್ಲಿಗೆ ಉಸಿರು ಕೊಡಲು ಹೋದ ಮೇಷ್ಟ್ರು

ಡ್ರಾಯಿಂಗ್ ಮೇಷ್ಟ್ರ ಮನೆಮುಂದಿನ ಹುಲ್ಲುಹಾಸು ನೀರು ಕುಡಿಯುವುದನ್ನೇ ಬಿಟ್ಟಿತ್ತು. ಪೈಪಿನಿಂದ ಬಿಟ್ಟ ನೀರು ಮೇಲೆಯೇ ನಿಂತು, ಬೇಸತ್ತು, ಗೇಟಿನಡಿಯಿಂದ ರಸ್ತೆಗೆ ಹೊರಟುಹೋಗುತ್ತಿತ್ತು. ತಪ್ಪು ಮೇಷ್ಟ್ರದ್ದೇ. ರಜೆಯ ದಿನ ಅದರ ಮೇಲೆ ಮಕ್ಕಳನ್ನು ಕೂರಿಸಿ ಚಿತ್ರ ಬರೆಸುತ್ತಿದ್ದರು, ಉಳಿದ ದಿನ ಸ್ಕೂಟರ್ ನಿಲ್ಲಿಸುತ್ತಿದ್ದರು. ಮಣ್ಣು ಸಿಮೆಂಟಿನ ತಮ್ಮನಂತಾಗಿತ್ತು.

“ಮಣ್ಣಿಗೆ ಉಸಿರು ಕಟ್ಟಿದೆ ಸಾರ್. ಗೇಣಿಗೊಂದು ತೂತು ಹೊಡೀರಿ, ಗಾಳಿ ನೀರು ಒಳಗಿಳಿಯುತ್ತೆ” ಎಂದು ಶಾಲೆಯ ಮಾಲಿ ತನ್ನ ನಾಲ್ಕು ಹಲ್ಲಿನ ಕಬ್ಬಿಣದ ಫೋರ್ಕನ್ನು ಕೊಟ್ಟು ಕಳಿಸಿದ್ದ.

ಮೇಷ್ಟ್ರು ಮೊದಲಿನಿಂದಲೂ ಪುಕ್ಕಲು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಬರುವ ಪೈಕಿ. ಆದರೆ ಹುಲ್ಲಿಗೆ ತೂತು ಹೊಡೆಯುವುದರಲ್ಲಿ ಹೆದರುವಂಥದ್ದೇನಿದೆ? ಬೆಳಿಗ್ಗೆಯೇ ಶುರು ಮಾಡಿದರು. ಫೋರ್ಕನ್ನು ನೆಟ್ಟು, ಕಾಲಿನಿಂದ ಒತ್ತಿ, ಸ್ವಲ್ಪ ಅಲುಗಿಸಿ, ಕೀಳುವುದು. ಮೊದಲ ಸಾಲು ಅಂದವಾಗಿ ಬಂತು. ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಹತ್ತಿರ ಮಾತ್ರ ಹಲ್ಲುಗಳು ಮೆತ್ತಗಿನ ಏನನ್ನೋ ಕಚ್ಚಿಕೊಂಡು ಕೂತವು. ಎಳೆದರೆ ಬರಲಿಲ್ಲ.

“ಅಲುಗಾಡ್ಬೇಡಿ ಮೇಷ್ಟ್ರೇ.”

ಗೋಡೆಯ ಮೇಲೆ ವೈರ್‌ಮನ್ ಮಾಮನ ತಲೆ ಕಾಣಿಸಿತು. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬೀದಿಯಲ್ಲಿ ಬಲ್ಬ್ ಹೋದರೂ ಜನ ಅವರನ್ನೇ ಕೇಳುತ್ತಿದ್ದರು. ಈಗ ಅವರ ಮುಖ ಸುಣ್ಣ ಬಳಿದಂತೆ ಬಿಳುಚಿಕೊಂಡಿತ್ತು.

“ಅಲ್ಲಿ ಮೇನ್ ಕೇಬಲ್ ಹೋಗಿದೆ. ಮರದ ಹಿಡಿ ಇರೋದ್ರಿಂದ ನೀವಿನ್ನೂ ಉಸಿರಾಡ್ತಿದೀರಿ.”

ಮೇಷ್ಟ್ರು ಮರದ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

“ಹಿಡೀನ ಮೆಲ್ಲಗೆ ಬಿಡಿ. ಕಾಲು ಎತ್ತಿ ಹೆಜ್ಜೆ ಹಾಕ್ಬೇಡಿ, ಒಂದು ಕಾಲಲ್ಲಿ ಹತ್ತಿದ ಕರೆಂಟು ಇನ್ನೊಂದರಲ್ಲಿ ಇಳಿಯುತ್ತೆ. ಎರಡೂ ಕಾಲು ಜೋಡಿಸಿ ಕುಪ್ಪಳಿಸ್ಕೊಂಡು ಬನ್ನಿ. ಆಮೇಲೆ ಆ ಜಾಗ ಮುಚ್ಚಿಬಿಡೋಣ, ಯಾರಿಗೂ ಹೇಳೋದು ಬೇಡ.”

ಮೇಷ್ಟ್ರು ಹಿಡಿಯಿಂದ ಒಂದೊಂದೇ ಬೆರಳು ಬಿಡಿಸಿದರು. ಅಷ್ಟರಲ್ಲಿ ಎದುರುಮನೆಯ ನರ್ಸಮ್ಮ ಗೇಟಿಗೆ ಬಂದರು.

“ಬಾಯಲ್ಲಿ ಕಬ್ಬಿಣದ ರುಚಿ ಬರ್ತಿದ್ಯಾ?”

ಆ ಕ್ಷಣದವರೆಗೂ ಬಂದಿರಲಿಲ್ಲ. ಈಗ ಬಂತು. ಜೊತೆಗೆ ಎಡಗೈ ಜೋಮು ಹಿಡಿಯಿತು, ಕಿವಿಯಲ್ಲಿ ಗುಂಯ್ ಎಂದಿತು. ಮೇಷ್ಟ್ರು ಕಣ್ಣು ಮುಚ್ಚಿ, ಕಾಲು ಜೋಡಿಸಿ ಕುಪ್ಪಳಿಸಿದರು. ಕಣ್ಣು ಮುಚ್ಚಿದ್ದರಿಂದ ದಿಕ್ಕು ತಪ್ಪಿ, ತಾವೇ ಹೊಡೆದ ತೂತುಗಳನ್ನೆಲ್ಲ ಧಪ್ ಧಪ್ ಎಂದು ಮುಚ್ಚುತ್ತ ಇಡೀ ಹುಲ್ಲುಹಾಸು ಸುತ್ತಿ, ಮತ್ತೆ ಫೋರ್ಕಿನ ಪಕ್ಕಕ್ಕೇ ಬಂದು ನಿಂತರು. ಕಣ್ಣು ಬಿಟ್ಟು ನೋಡಿ, ಅಲ್ಲೇ ಕಲ್ಲಾದರು.

“ರೀ, ಹಾಗೇ ಇರಿ. ನಾನು ಕರೆಂಟ್ ಆಫೀಸಿಗೆ ಫೋನ್ ಮಾಡ್ತೀನಿ” ಎಂದು ಬಾಗಿಲಿನಿಂದಲೇ ಹೆಂಡತಿ ಕೂಗಿದಳು.

“ಆಫೀಸಿಗೆ ಯಾಕಮ್ಮ? ಅವ್ರು ಬಂದ್ರೆ ಎಲ್ಲಾ ಅಗೆದು ಹಾಕ್ತಾರೆ. ನಾನಿಲ್ವಾ?” ಎಂದು ವೈರ್‌ಮನ್ ಮಾಮ ಬೇಡಿಕೊಂಡರು. ಅಷ್ಟರಲ್ಲಿ ಅವಳು ಫೋನ್ ಮಾಡಿಯಾಗಿತ್ತು.

ಲೈನ್‌ಮನ್ ಬಂದು ಇಡೀ ಬೀದಿಯ ಕರೆಂಟ್ ತೆಗೆದ. ಫ್ಯಾನು, ಮಿಕ್ಸಿ, ಟೀವಿ ನಿಂತವರೆಲ್ಲ ಯಾರ ಮನೆಯಿಂದ ಈ ತೊಂದರೆ ಎಂದು ಹುಡುಕಿಕೊಂಡು ಬಂದರು. ಬಂದವರು ರಸ್ತೆಯಲ್ಲಿ ನಿಲ್ಲಲಿಲ್ಲ. ಹುಲ್ಲಿನ ಮೇಲೆ ಹತ್ತಿ, ತುಳಿದು, ಜಾಗ ಸಿಗದೆ ಒಬ್ಬರ ಹಿಂದೊಬ್ಬರು ನಿಂತರು. ಹುಲ್ಲುಹಾಸು ಮೊದಲಿಗಿಂತ ಗಟ್ಟಿಯಾಯಿತು.

ಲೈನ್‌ಮನ್ ಅಗೆದ. “ಮೇನ್ ಕೇಬಲ್ ಇಲ್ಲಿಲ್ಲ ಸಾರ್. ಅದು ರಸ್ತೆಯ ಆಚೆ ಬದಿಗೆ ಹೋಗಿದೆ.”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ಇದೇನಪ್ಪಾ?”

ಮಣ್ಣಿನೊಳಗಿಂದ ಬೆರಳು ದಪ್ಪದ ಕಪ್ಪು ವೈರ್ ಹೊರಬಂತು. ಲೈನ್‌ಮನ್ ಅದರ ಜಾಡು ಹಿಡಿದು ಕಾಲುವೆಯಂತೆ ತೋಡುತ್ತ ಹೋದ. ಒಂದು ತುದಿ ಮೇಷ್ಟ್ರ ಮೀಟರಿನ ಹಿಂದೆ ಸೇರಿತ್ತು. ಇನ್ನೊಂದು ತುದಿ ಗೋಡೆಯಡಿ ನುಸುಳಿ, ವೈರ್‌ಮನ್ ಮಾಮನ ಬಚ್ಚಲಿನ ಗೀಸರಿಗೆ ಹೋಗಿತ್ತು.

ಎಲ್ಲರೂ ಗೋಡೆಯ ಕಡೆ ತಿರುಗಿದರು. ಅಲ್ಲಿ ತಲೆ ಇರಲಿಲ್ಲ.

“ನೋಡಿದ್ರಾ?” ಎಂದು ಮೇಷ್ಟ್ರು ಜನ್ಮದಲ್ಲಿ ಮೊದಲ ಬಾರಿಗೆ ಎದೆ ಉಬ್ಬಿಸಿದರು. “ಇಷ್ಟು ದಿನ ನಮ್ಮ ಕರೆಂಟಲ್ಲಿ ಸ್ನಾನ ಮಾಡಿದಾರೆ. ಈಗ ಏನ್ ಮಾಡ್ತೀರಿ?”

“ನಿಮ್ಮ ಮೀಟರ್ ಸೀಲ್ ಮಾಡ್ತೀನಿ.”

“ನಮ್ಮದಾ?”

“ಕಳ್ಳ ವೈರ್ ಹೊರಟಿರೋದು ನಿಮ್ಮ ಮೀಟರಿಂದ ಅಲ್ವಾ ಸಾರ್. ಯಾರು ಎಳೆದ್ರು ಅನ್ನೋದು ವಿಚಾರಣೇಲಿ ಗೊತ್ತಾಗುತ್ತೆ. ಅಲ್ಲೀವರೆಗೂ ಲೈನ್ ಕಟ್.”

“ಮತ್ತೆ ಅವ್ರದ್ದು?”

“ಅವ್ರ ಮೀಟರಲ್ಲಿ ಏನೂ ದೋಷ ಇಲ್ಲ. ತಿರುಗೋದು ಸ್ವಲ್ಪ ನಿಧಾನ, ಅಷ್ಟೇ.”

ಸಂಜೆ ಬೀದಿಯ ಎಲ್ಲ ಮನೆಗಳಲ್ಲೂ ದೀಪ ಹತ್ತಿತು, ಮೇಷ್ಟ್ರದ್ದೊಂದು ಬಿಟ್ಟು. ಹೆಂಡತಿ ಒಳಗೆ ಕತ್ತಲಲ್ಲಿ ಪಾತ್ರೆಗಳ ಮೂಲಕ ಮಾತಾಡುತ್ತಿದ್ದಳು. ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತು, ಸೀಳಿ ಬಿದ್ದಿದ್ದ ಹುಲ್ಲುಹಾಸನ್ನು ನೋಡುತ್ತಿದ್ದರು. ವಿಚಾರಣೆ, ಪೊಲೀಸು, ಶಾಲೆಯ ಹೆಡ್‌ಮಾಸ್ಟರು ಎಂದು ಒಂದೊಂದೇ ಭಯ ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಗೋಡೆಯ ಮೇಲೆ ಮೆಲ್ಲಗೆ ತಲೆಯೊಂದು ಎದ್ದಿತು.

“ಮೇಷ್ಟ್ರೇ, ಆದದ್ದು ಆಯ್ತು, ಮನಸ್ಸಿಗೆ ಹಚ್ಕೋಬೇಡಿ. ಅಕ್ಕಪಕ್ಕದವರು ಇರೋದು ಯಾಕೆ? ನೀವು ಕತ್ತಲಲ್ಲಿ ಕೂತ್ರೆ ನನಗೆ ನಿದ್ದೆ ಬರುತ್ತಾ?” ವೈರ್‌ಮನ್ ಮಾಮ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಮ್ಮನೆಯಿಂದ ಒಂದು ವೈರ್ ಎಳೆದು ಕೊಡ್ತೀನಿ. ಹೇಗೂ ಕಾಲುವೆ ತೋಡಿಯಾಗಿದೆ.”