ರತ್ನಳ ಉಗುರೂ ರಾಗಿ ಮುದ್ದೆಯೂ

ಉಗುರು ಅಂಟಿಸುವುದರಲ್ಲಿ ಅಂಥ ಕಷ್ಟವೇನಿಲ್ಲ. ದಾವಣಗೆರೆಯಲ್ಲಿ ನನಗೆ ತರಬೇತಿ ಕೊಟ್ಟ ಹುಡುಗಿ ಹಾಗಂದಳು, ನಾನೂ ನಂಬಿದೆ. ಚಳ್ಳಕೆರೆಯ ನನ್ನ ಬ್ಯೂಟಿ ಪಾರ್ಲರಿನ ಗಾಜಿನ ಮೇಲೆ ಹುಬ್ಬು, ಫೇಶಿಯಲ್, ಮದುಮಗಳ ಅಲಂಕಾರ ಎಂಬ ಹಳೇ ಅಕ್ಷರಗಳಿದ್ದವು. ಅವುಗಳ ಕೆಳಗೆ ‘ಉಗುರು ಕಚ್ಚುವವರಿಗೂ ಉದ್ದನೆಯ ಉಗುರು ಅಂಟಿಸಲಾಗುವುದು’ ಎಂದು ಬರೆಸಿದೆ. ‘ಕಚ್ಚುವವರಿಗೂ’ ಎಂಬುದು ನನ್ನ ಸ್ವಂತ ಆಲೋಚನೆ.

ಪಕ್ಕದ ಅಂಗಡಿಯ ಟೈಲರ್ ಫಾತಿಮಾಬಿ ಮಿಷನ್ನು ನಿಲ್ಲಿಸಿ ಬಂದು ಓದಿದಳು.

“ಸರೋಜಾ, ಉಗುರು ಕಚ್ಚೋರ ಬಾಯಿಗೆ ಬೀಗ ಹಾಕ್ಬೇಕು. ನೀನು ಉದ್ದ ಮಾಡಿ ಕೊಟ್ರೆ ಇನ್ನಷ್ಟು ಕಚ್ತಾರೆ.”

“ಇದು ಕಚ್ಚಾಕೆ ಆಗಲ್ಲಕ್ಕ. ಪ್ಲಾಸ್ಟಿಕ್ಕು.”

“ಹಂಗಾದ್ರೆ ಹಲ್ಲು ಅಂಟ್ಸೋದೂ ಕಲ್ತು ಬರ್ಬೇಕಿತ್ತು ನೀನು.”

ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಜ ಹೇಳುತ್ತೇನೆ, ಈ ವಿದ್ಯೆ ಕಲಿಯಲು ನನಗೆ ಬೇರೆಯದೇ ಕಾರಣವಿತ್ತು. ಹುಬ್ಬು ತೀಡಿಸಿಕೊಳ್ಳುವವರು ಕಣ್ಣು ಮುಚ್ಚಿ ನೋವು ನುಂಗುತ್ತಾರೆ. ಫೇಶಿಯಲ್‌ಗೆ ಬಂದವರು ಗೊರಕೆ ಹೊಡೆಯುತ್ತಾರೆ. ಉಗುರು ಅಂಟಿಸಿಕೊಳ್ಳುವವರು ಮಾತ್ರ ಎದುರಿಗೆ ಕೂತು, ಕೈಯನ್ನು ನನ್ನ ಕೈಗೆ ಕೊಟ್ಟರೆ ಮುಗಿಯುವವರೆಗೂ ಏಳುವಂತಿಲ್ಲ. ಮಾತಾಡಲೇಬೇಕು. ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಮಾತೇ ಇಲ್ಲ, ಮಕ್ಕಳೂ ಇಲ್ಲ. ಸಂಜೆ ಮಂಡಕ್ಕಿ ಕಲಸಿಕೊಂಡು ಟೀವಿಯ ಮುಂದೆ ಕೂರುತ್ತೇನೆ. ಮುದ್ದೆ ಬಿಟ್ಟು ಬಹಳ ಕಾಲವಾಯಿತು. ಒಬ್ಬರಿಗೆಂದು ಎಸರಿಟ್ಟರೆ ಅದು ಮುದ್ದೆಯಾಗುವುದಿಲ್ಲ, ಗಂಟಾಗುತ್ತದೆ. ಇಬ್ಬರಿಗೆ ಮಾಡಿದರೆ ಎರಡನೇ ಮುದ್ದೆ ಬೆಳಗಿನವರೆಗೂ ನನ್ನ ಮುಖವನ್ನೇ ನೋಡುತ್ತಿರುತ್ತದೆ.

ಬೋರ್ಡು ನೋಡಿ ಮೊದಲು ಬಂದವಳು ಮೊಳಕಾಲ್ಮೂರಿನ ರತ್ನ. ಅಲ್ಲಿನ ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅವಳು ಮತ್ತು ಆ ಮಿಷನ್ನು, ಅಷ್ಟೇ. ಮಾರನೆಯ ದಿನ ಅವಳಿಗೆ ಹೂ ಮುಡಿಸುವ ಶಾಸ್ತ್ರ. ಹುಡುಗಿ ನೋಡಲು ಬಂದಿದ್ದ ದಿನವೇ ಗಂಡಿನ ಅಕ್ಕ ಅವಳ ಬೆರಳು ನೋಡಿ ಒಂದು ಮಾತು ಅಂದಿದ್ದಳಂತೆ.

“ಇಲಿ ಕಡ್ದಂಗೈತೆ ಅಂದ್ಬಿಟ್ರಕ್ಕ. ಏನ್ ಮಾಡ್ಲಿ, ಒಬ್ಳೇ ಕುಂತಿರ್ತೀನಿ, ಬೆರಳು ತಾನಾಗೇ ಬಾಯಿಗೆ ಹೋಗ್ತೈತೆ.”

“ನಾಳೆ ಉಂಗುರ ತೊಡಿಸ್ವಾಗ ಅವರೇ ಬಾಯ್ ಬಿಡ್ಬೇಕು, ಹಂಗ್ ಮಾಡ್ತೀನಿ ಬಾ,” ಎಂದೆ.

ಕಚ್ಚಿ ಕಚ್ಚಿ ಅವಳ ಉಗುರು ಹೆಸರುಕಾಳಿನಷ್ಟು ಉಳಿದಿತ್ತು. ಪ್ಲಾಸ್ಟಿಕ್ ಉಗುರಿಗೆ ಹಿಡಿದುಕೊಳ್ಳಲು ನೆಲೆಯೇ ಇರಲಿಲ್ಲ. ಆದರೂ ಅಂಟು ಬಳಿದು, ಅರದಿಂದ ಉಜ್ಜಿ, ನೀಲಿ ದೀಪದಡಿ ಒಣಗಿಸಿ, ಗುಲಾಬಿ ಬಣ್ಣ ಹಚ್ಚಿದೆ. ಕೈ ಹಿಡಿದುಕೊಂಡೇ ಮಾತಾಡಿದೆ. ನನ್ನ ಮದುವೆ, ನನ್ನ ಗಂಡನ ಗೊರಕೆ, ಅದಿಲ್ಲದೆ ಈಗ ಬಾರದ ನಿದ್ದೆ, ಫಾತಿಮಾಬಿಯ ಮಂಡಿನೋವು, ಎಲ್ಲ ಹೇಳಿದೆ. ‘ಎರಡು ದಿನ ಬಿಸಿ ಮುಟ್ಟಬೇಡ, ನೀರಲ್ಲಿ ಕೈ ಅದ್ದಬೇಡ’ ಎಂಬ ಒಂದು ಮಾತು ಹೇಳಬೇಕಿತ್ತು. ಅದೊಂದನ್ನು ಬಿಟ್ಟು ಉಳಿದೆಲ್ಲ ಹೇಳಿದೆ.

ಹೊರಡುವಾಗ ರತ್ನ ಅಂದಳು, “ಅಕ್ಕ, ನಾಳೆ ನೀವೂ ಬರ್ರಿ. ನನಗೆ ಜಡೆ ಹಾಕಿ, ಊಟ ಮಾಡ್ಕಂಡು ಹೋಗೀರಂತೆ.”

ಊಟ ಮಾಡಿಕೊಂಡು! ಇದು ಸಣ್ಣ ಮಾತಲ್ಲ. ಗಂಡ ಹೋದ ಮೇಲೆ ನನ್ನನ್ನು ಶುಭಕಾರ್ಯಗಳಿಗೆ ಕರೆಯುವುದು ಅಲಂಕಾರ ಮಾಡಲು ಮಾತ್ರ. ಪಂಕ್ತಿ ಕೂರುವ ಹೊತ್ತಿಗೆ ಯಾರೋ ಒಬ್ಬರು ಬಂದು, ‘ನಿಮಗೆ ಬಸ್ಸಿಗೆ ತಡ ಆಗ್ತೈತೇನೋ’ ಎಂದು ಡಬ್ಬಿ ಕೈಗಿಟ್ಟು ಕಳಿಸುತ್ತಾರೆ. ಮಾರನೆಯ ದಿನ ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅಲ್ಲಿ ಜಡೆ ಹಾಕಿ ಹೊರಗೆ ಬರುತ್ತಲೇ ರತ್ನಳ ಅವ್ವ, “ಡಬ್ಬಿ ಗಿಬ್ಬಿ ಏನಿಲ್ಲ, ಪಂಕ್ತಿಗೆ ಕೂತ್ಕಳ್ರಿ,” ಎಂದರು. ಸೆರಗು ಸರಿಮಾಡಿಕೊಂಡು ಹೋಗಿ ಕೂತೆ. ಗಂಡಿನ ಅಜ್ಜಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಅಜ್ಜಿ ರಾಯದುರ್ಗದ ಕಡೆಯವರು, ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತು ಅರ್ಧ ತೆಲುಗು.

“ಹೋಳಿಗೆ ಎವರೈನಾ ಚೇಸ್ತಾರು. ಹೋಳಿಗೆ ಯಾರ್ ಬೇಕಾದ್ರೂ ಮಾಡ್ತಾರಮ್ಮ. ಹುಡುಗಿ ಕೈ ಮುದ್ದೆ ತಿಂದ ಮ್ಯಾಲೇ ಹೂ ಮುಡ್ಸೋದು. ನಮ್ಮ ಮನೇಲಿ ಹಂಗೇ,” ಎಂದರು.

ಎಲೆಯ ಮೇಲೆ ಮುದ್ದೆ ಬಂತು. ನುಣ್ಣಗೆ, ಹೊಗೆಯಾಡುತ್ತಾ. ಗಂಡಿನ ಸೋದರಮಾವ ಆಗಲೇ ಒಂದನ್ನು ಮುಗಿಸಿ ಇನ್ನೊಂದನ್ನು ಹಾಕಿಸಿಕೊಂಡಿದ್ದರು. ನಾನು ಸೊಪ್ಪಿನ ಸಾರಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ರತ್ನ ಸನ್ನೆ ಮಾಡಿದಳು. ಎದ್ದು ಹೋದೆ. ಅವಳು ಬಲಗೈ ಮುಂದೆ ಚಾಚಿದಳು. ಐದು ಬೆರಳಿದ್ದವು. ಉಗುರು ಒಂದೂ ಇರಲಿಲ್ಲ.

“ಅಕ್ಕ, ಎಲ್ಲಿ ಹೋದ್ವು?”

“ನನ್ನೇ ಕೇಳ್ತೀಯಲ್ಲೇ. ಏನ್ ಮಾಡ್ದೆ?”

“ಕೈ ನೀರಿಗದ್ದಿ ಮುದ್ದೆ ಕಟ್ಟಿದೆ. ಇನ್ನೇನ್ ಮಾಡ್ಲಿ?”

ಬಿಸಿಯೂ ಆಯಿತು, ನೀರೂ ಆಯಿತು. ಉಗುರುಗಳು ಒಂದೊಂದಾಗಿ ಮುದ್ದೆಗಳ ಹೊಟ್ಟೆ ಸೇರಿದ್ದವು, ಮುದ್ದೆಗಳು ಬೀಗರ ಎಲೆ ಸೇರಿದ್ದವು.

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗಬೇಕು. ಹಲ್ಲಿಗೂ ಮುದ್ದೆಗೂ ಸಂಬಂಧವೇ ಇಲ್ಲ. ಹೀಗಿರುವಾಗ ಉಗುರು ಯಾರ ಹೊಟ್ಟೆಗೆ ಇಳಿದರೂ ಇಳಿದವರಿಗೇ ಗೊತ್ತಾಗುವುದಿಲ್ಲ. ಓಡಿ ಹೊರಗೆ ಬಂದೆ. ಪಂಕ್ತಿಯ ನಡುವೆ ನಿಂತು ಗಂಭೀರವಾಗಿ ಘೋಷಿಸಿದೆ.

“ಎಲ್ಲಾರೂ ಒಂದ್ನಿಮಿಷ ಕೇಳ್ರಿ. ಈವತ್ತು ಮುದ್ದೆನ ಅಗ್ದು ತಿನ್ಬೇಕು.”

ಇಡೀ ಪಂಕ್ತಿ ಕೈ ನಿಲ್ಲಿಸಿತು.

“ಯಾಕವ್ವ?” ಎಂದರು ಸೋದರಮಾವ.

“ಡಾಕ್ಟ್ರು ಹೇಳ್ಯಾರೆ.”

“ಯಾವ ಡಾಕ್ಟ್ರು?”

“ದಾವಣಗೆರೆ ಡಾಕ್ಟ್ರು.”

“ಅವ್ರು ರೊಟ್ಟಿ ತಿನ್ನೋ ಜನ. ಅವ್ರಿಗೇನ್ ಗೊತ್ತು ಮುದ್ದೆ?” ಎಂದವರು ಸ್ವಲ್ಪ ಯೋಚಿಸಿ ಎಲೆಯಿಂದ ಕೈ ತೆಗೆದರು. “ತಡೀರಿ. ಅಗೀಬೇಕು ಅಂದ್ರೆ ಹಸಿ ಹಿಟ್ಟು ಉಳ್ದೈತೆ ಅಂತ ಅರ್ಥ. ಹುಡುಗಿಗೆ ಮುದ್ದೆ ಬೇಯ್ಸಾಕೆ ಬರಲ್ಲ, ಅದ್ನ ಈಯಮ್ಮನ ಬಾಯಲ್ಲಿ ಹೇಳಿಸ್ತಾ ಅವ್ರೆ.”

ಬಾಗಿಲಲ್ಲಿ ರತ್ನ ಅಳತೊಡಗಿದಳು. ಅವಳ ಅವ್ವ ನನ್ನನ್ನು ನೋಡಿದ ನೋಟ ಈಗ ನೆನೆದರೂ ಎದೆ ಚುರ್ ಎನ್ನುತ್ತದೆ. ಹೂ ಮುಡಿಯುವ ಮೊದಲೇ ಒಂದು ಹುಡುಗಿಯ ಸಂಬಂಧ ನನ್ನ ಬಾಯಿಂದ ಮುರಿಯುವುದರಲ್ಲಿತ್ತು. ಇನ್ನು ನಿಜ ಹೇಳದೆ ಗತಿಯಿರಲಿಲ್ಲ.

“ಮುದ್ದೆ ಚೆನ್ನಾಗಿ ಬೆಂದೈತ್ರಿ. ಒಳಗೆ ಉಗುರೈತೆ ಅಷ್ಟೇ.”

ನಿಜ ಹೇಳಿದರೆ ಪರಿಸ್ಥಿತಿ ಸುಧಾರಿಸುತ್ತದೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಎಲ್ಲರೂ ಮುದ್ದೆ ಒಡೆದು ಹುಡುಕತೊಡಗಿದರು. ಗಂಡಿನ ಅಕ್ಕನಿಗೆ ಎರಡು ಸಿಕ್ಕವು. ಇಲಿ ಕಡಿಯದ ಒಳ್ಳೆ ಉಗುರೇ. ಮದುಮಗ ತನಗೆ ಸಿಕ್ಕಿದ್ದನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡಿದ್ದನ್ನು ನಾನು ನೋಡಿದೆ. ಅಜ್ಜಿ ತಮ್ಮ ಎಲೆಯ ಅಂಚಿನಿಂದ ಗುಲಾಬಿ ಬಣ್ಣದ ಒಂದನ್ನು ಎತ್ತಿ ಹಿಡಿದರು.

“ಇದಾ? ನಾನು ಬೆಳ್ಳುಳ್ಳಿ ಅನ್ಕಂಡೆ.”

ಐದನೆಯದು ಸಿಗಲಿಲ್ಲ. ನಿಧಾನವಾಗಿ ಎಲ್ಲರ ಕಣ್ಣೂ ಸೋದರಮಾವನ ಕಡೆ ತಿರುಗಿತು. ಅವರು ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡರು.

“ಮುದ್ದೇಲಿ ಗಂಟಿಲ್ಲ, ಹಸಿ ಇಲ್ಲ,” ಎಂದರು ಅಜ್ಜಿ. “ಉಗುರು ಯಾರ್ದಾದ್ರೇನು, ಕೈ ಈ ಹುಡುಗೀದೇ. ಹೂ ಮುಡ್ಸ್ರಿ.”

ಹೂ ಮುಡಿಸಿದರು. ಉಂಗುರವನ್ನೂ ತೊಡಿಸಿದರು, ಉಗುರು ಉಳಿದಿದ್ದ ಎಡಗೈಗೆ. ಈ ಗಡಿಬಿಡಿಯಲ್ಲಿ ಪಂಕ್ತಿ ಎದ್ದು ಹೋಗಿ ನನ್ನ ಎಲೆಯನ್ನೂ ಯಾರೋ ತೆಗೆದಿದ್ದರು. ಬಾಗಿಲ ಬಳಿ ರತ್ನಳ ಅವ್ವ ಬಂದರು. ಬೈಯಲಿಲ್ಲ. “ನಿಮಗೆ ಬಸ್ಸಿಗೆ ತಡ ಆಗ್ತೈತೇನೋ,” ಎಂದು ಡಬ್ಬಿ ಕೈಗಿಟ್ಟರು.

ಸಂಜೆ ಮನೆಗೆ ಬಂದು ಅದನ್ನು ಬಿಚ್ಚಿದೆ. ಎರಡು ಮುದ್ದೆ ಇಟ್ಟಿದ್ದರು. ಆರಿ ಕಲ್ಲಾಗಿದ್ದವು, ನುಂಗಲು ಬರಲಿಲ್ಲ. ನೋಡುವವರು ಯಾರೂ ಇಲ್ಲವಲ್ಲ ಎಂದು ಅಗಿದೆ. ಎರಡನೇ ತುತ್ತಿಗೆ ‘ಕಟ್’ ಎಂದಿತು. ಹೊರಗೆ ತೆಗೆದು ನೋಡಿದರೆ ಗುಲಾಬಿ ಬಣ್ಣದ ಐದನೇ ಉಗುರು.

ಅದನ್ನು ತೊಳೆಯುತ್ತಿದ್ದಾಗ ಫೋನು ಬಂತು. ರತ್ನ.

“ಅಕ್ಕ, ಊರು ಮುಟ್ಟಿದ್ರಾ? ಆ ಇನ್ನೊಂದು ಉಗುರಿನ ಕತೆ ಏನಾರ ಗೊತ್ತಾಯ್ತಾ? ಅವ್ರ ಮಾವ ಹೊಟ್ಟೆ ಹಿಡ್ಕಂಡು ಕುಂತವ್ರಂತೆ. ಅದೊಂದು ತಿಳೀತು ಅಂದ್ರೆ ಮುಗೀತಕ್ಕ, ಇನ್ನು ನಿಮಗೆ ತೊಂದ್ರೆ ಕೊಡಲ್ಲ.”

ಉಗುರು ನನ್ನ ಅಂಗೈಯಲ್ಲೇ ಇತ್ತು. ಇನ್ನು ತೊಂದರೆ ಕೊಡುವುದಿಲ್ಲವಂತೆ.

“ಇಲ್ಲ ಕಣೇ,” ಎಂದೆ. “ಇನ್ನೂ ಯೋಚ್ನೆ ಮಾಡ್ತಾ ಇದೀನಿ. ನಾಳೆ ಒಂದ್ಸಲ ಫೋನ್ ಮಾಡು.”

“ಮಾಡ್ತೀನಕ್ಕ,” ಎಂದಳು.

ಸೋದರಮಾವ ಇನ್ನೊಂದು ದಿನ ಹೊಟ್ಟೆ ಹಿಡಿದುಕೊಂಡರೆ ಪ್ರಾಣವೇನೂ ಹೋಗುವುದಿಲ್ಲ. ಎರಡನೇ ಮುದ್ದೆಯ ಎದುರು ಕೂತು ನಾಳೆ ಅವಳಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಮತ್ತೆ ಬಾಯಲ್ಲಿ ‘ಕಟ್’ ಎಂದಿತು. ಇನ್ನೊಂದು ಉಗುರು ಸಿಕ್ಕಿತೇ ಎಂದು ಗಾಬರಿಯಿಂದ ತೆಗೆದು ನೋಡಿದೆ. ನನ್ನ ಹೆಬ್ಬೆರಳಿನದು.